ಕೈಯಿಂದ ಒತ್ತಿ ಕೊಟ್ಟ ಉಸಿರು

ಕೋವಿಡ್ ಹಬ್ಬಿದ 2020ರಲ್ಲಿ ‘ಎಷ್ಟು ವೆಂಟಿಲೇಟರುಗಳಿವೆ?’ ಎಂಬ ಪ್ರಶ್ನೆಯನ್ನು ನೀವೆಲ್ಲರೂ ಕೇಳಿದ್ದೀರಿ. ಅವುಗಳನ್ನು ಹಗಲಿರುಳು ನೋಡಿಕೊಳ್ಳುವವರು ಎಷ್ಟು ಮಂದಿ? ಈ ಎರಡನೆಯ ಪ್ರಶ್ನೆಯ ಮಹತ್ತ್ವ ತಿಳಿಯಲು 1952ರ ಕೋಪನ್‌ಹೇಗನ್ ನಗರವನ್ನು ನೋಡಬೇಕು.

ಆ ವರ್ಷ ಅಲ್ಲಿ ಪೋಲಿಯೊ ಉಗ್ರವಾಗಿ ಹರಡಿತು. ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿದ್ದುದು ಒಂದೇ ‘ಕಬ್ಬಿಣದ ಶ್ವಾಸಕೋಶ’ ಮತ್ತು ಎದೆಗೆ ಕಟ್ಟುವ ಆರು ಉಪಕರಣಗಳು. ದೇಹದ ಹೊರಗಿನ ಗಾಳಿಯ ಒತ್ತಡವನ್ನು ತಗ್ಗಿಸಿದರೆ ಎದೆ ಹಿಗ್ಗುತ್ತದೆ, ಗಾಳಿ ಒಳಬರುತ್ತದೆ. ಇದು ಅವುಗಳ ತತ್ತ್ವ. ಆದರೆ ಇವುಗಳಿಂದ ಚಿಕಿತ್ಸೆ ಪಡೆದ ಮೊದಲ 31 ತೀವ್ರ ರೋಗಿಗಳಲ್ಲಿ 27 ಮಂದಿ ಸತ್ತರು. ಅಂದರೆ ಶೇಕಡ 87.

ಮುಖ್ಯ ವೈದ್ಯ ಲಾಸೆನ್ ಅವರು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರ ಸಲಹೆ ಕೇಳಿದರು. ರೋಗಿಗಳ ರಕ್ತದಲ್ಲಿ ಬೈಕಾರ್ಬನೇಟ್ ಹೆಚ್ಚಿದ್ದುದರಿಂದ ರಕ್ತ ಕ್ಷಾರೀಯವಾಗಿದೆ ಎಂದು ಅಲ್ಲಿನವರು ಭಾವಿಸಿದ್ದರು. ಇಬ್ಸೆನ್ ಹೇಳಿದ್ದು ಬೇರೆ: ಹೊರಹೋಗಲಾರದ ಕಾರ್ಬನ್ ಡೈಆಕ್ಸೈಡ್ ಒಳಗೇ ಶೇಖರವಾಗುತ್ತಿದೆ, ಉಸಿರಾಟ ಸಾಲುತ್ತಿಲ್ಲ. ಆಗಸ್ಟ್ 27ರಂದು 12 ವರ್ಷದ ಬಾಲಕಿಯೊಬ್ಬಳ ಶ್ವಾಸನಾಳಕ್ಕೆ ರಂಧ್ರ ಮಾಡಿ, ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಗಾಳಿಯನ್ನು ಒಳನೂಕಲಾಯಿತು. ಬಾಲಕಿ ಉಳಿದಳು.

ವಿಧಾನವೇನೋ ಸಿಕ್ಕಿತು, ಚೀಲ ಒತ್ತುವವರು ಯಾರು? ಒಂದು ಹಂತದಲ್ಲಿ ಏಕಕಾಲಕ್ಕೆ 70 ರೋಗಿಗಳಿಗೆ ಇದು ಬೇಕಾಯಿತು. ಎಂಟು ಗಂಟೆಯ ಪಾಳಿ ಎಂದಿಟ್ಟುಕೊಂಡರೂ ದಿನಕ್ಕೆ 210 ಜನ! ಆಸ್ಪತ್ರೆ ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆಯಿತು. ಸುಮಾರು 1,500 ವಿದ್ಯಾರ್ಥಿಗಳು ಸರದಿಯ ಮೇಲೆ ಒಟ್ಟು 1,65,000 ಗಂಟೆ ದುಡಿದರು. ತಲಾ 110 ಗಂಟೆ. ತಾವು ಉಸಿರು ಕೊಡುತ್ತಿದ್ದ ರೋಗಿ ಕಣ್ಣೆದುರೇ ಕೊನೆಯುಸಿರೆಳೆದುದನ್ನು ಕಂಡವರೂ ಅವರಲ್ಲಿದ್ದರು. ಆದರೂ ಪಾಳಿ ನಿಲ್ಲಲಿಲ್ಲ. ಮರಣ ಪ್ರಮಾಣ ಶೇಕಡ 40ಕ್ಕಿಂತ ಕೆಳಗಿಳಿಯಿತು.

ಇಲ್ಲಿ ಗಮನಿಸಬೇಕಾದ ಅಂಶಗಳು ನಾಲ್ಕು. ಆಸ್ಪತ್ರೆ ತನ್ನ ವಿಭಾಗದ ಹೊರಗಿನವರ ಮಾತಿಗೆ ಕಿವಿಗೊಟ್ಟಿತು. ಬೇಗ ಕಲಿಸಬಹುದಾದ ಕೆಲಸವನ್ನು ಬೇರ್ಪಡಿಸಿ ವಿದ್ಯಾರ್ಥಿಗಳಿಗೆ ವಹಿಸಿತು. ಕಠಿಣ ನಿರ್ಧಾರಗಳನ್ನು ತಜ್ಞರಲ್ಲೇ ಉಳಿಸಿಕೊಂಡಿತು. ದಣಿದವರ ಜಾಗಕ್ಕೆ ಮತ್ತೊಬ್ಬರು ಸಿದ್ಧವಿರುವಂತೆ ನೋಡಿಕೊಂಡಿತು. ಇಂಥ ರೋಗಿಗಳನ್ನು ಒಂದೆಡೆ ಇರಿಸಿ ಸದಾ ನಿಗಾ ವಹಿಸುವ ಈ ಅನುಭವವೇ ಇಂದಿನ ತೀವ್ರ ನಿಗಾ ಘಟಕಗಳಿಗೆ ದಾರಿಯಾಯಿತು.

ತರಗತಿಯಲ್ಲಿ ಅನಿಲಗಳ ಒತ್ತಡದ ಪಾಠ ಬಂದಾಗ ಈ ಎರಡು ವಿಧಾನಗಳನ್ನು ಹೋಲಿಸಿ ತೋರಿಸಿ. ಜೊತೆಗೆ ಒಂದು ಲೆಕ್ಕವನ್ನೂ ಕೊಡಿ: ನಿಮ್ಮ ಊರಿನ ಆಸ್ಪತ್ರೆಯಲ್ಲಿ ಹತ್ತು ರೋಗಿಗಳಿಗೆ ಒಂದು ತಿಂಗಳು ಹೀಗೆ ಉಸಿರು ಕೊಡಲು ಎಷ್ಟು ಜನ ಬೇಕು?