ಎ ಟೈಮ್ ಟು ಕಿಲ್ (ಚಲನಚಿತ್ರ)

'ಎ ಟೈಮ್ ಟು ಕಿಲ್' ೧೯೯೬ರಲ್ಲಿ ತೆರೆಕಂಡ ಅಮೆರಿಕದ ಇಂಗ್ಲಿಷ್ ಚಲನಚಿತ್ರ. ಜಾನ್ ಗ್ರಿಶಮ್ ಅವರ ೧೯೮೯ರ ಇದೇ ಹೆಸರಿನ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ಜೋಯಲ್ ಶೂಮಾಕರ್ ನಿರ್ದೇಶಿಸಿದರು. ಅಕಿವಾ ಗೋಲ್ಡ್ಸ್‌ಮನ್ ಚಿತ್ರಕಥೆ ರಚಿಸಿದರು. ಮಗಳ ಮೇಲೆ ಅತ್ಯಾಚಾರವೆಸಗಿದ ಇಬ್ಬರು ಬಿಳಿಯರನ್ನು ನ್ಯಾಯಾಲಯದ ಕಟ್ಟಡದಲ್ಲಿಯೇ ಗುಂಡಿಕ್ಕಿ ಕೊಂದ ಕಪ್ಪು ಜನಾಂಗದ ತಂದೆಯೊಬ್ಬನ ವಿಚಾರಣೆ ಇದರ ವಸ್ತು. ವರ್ಣದ್ವೇಷ ಬೇರೂರಿರುವ ಸಮಾಜದಲ್ಲಿ ನ್ಯಾಯ ದೊರಕೀತೇ, ದೊರಕದೆಂಬ ಭಯವಿದ್ದಾಗ ಕಾನೂನನ್ನು ಕೈಗೆತ್ತಿಕೊಳ್ಳಬಹುದೇ ಎಂಬ ಎರಡು ಪ್ರಶ್ನೆಗಳನ್ನು ಚಿತ್ರವು ಒಟ್ಟಿಗೆ ಎತ್ತುತ್ತದೆ. ಶೀರ್ಷಿಕೆಯು ಬೈಬಲ್ಲಿನ ಹಳೆಯ ಒಡಂಬಡಿಕೆಯ 'ಪ್ರಸಂಗಿ' ಗ್ರಂಥದ ಮೂರನೆಯ ಅಧ್ಯಾಯದಿಂದ ಬಂದಿದೆ.

ಹಿನ್ನೆಲೆ

ಗ್ರಿಶಮ್ ಬರಹಗಾರರಾಗುವ ಮೊದಲು ಮಿಸಿಸಿಪಿ ರಾಜ್ಯದಲ್ಲಿ ವಕೀಲರಾಗಿದ್ದರು. ೧೯೮೪ರಲ್ಲಿ ಅತ್ಯಾಚಾರಕ್ಕೊಳಗಾದ ಹನ್ನೆರಡು ವರ್ಷದ ಬಾಲಕಿಯೊಬ್ಬಳು ನ್ಯಾಯಾಲಯದಲ್ಲಿ ನುಡಿದ ಸಾಕ್ಷ್ಯವನ್ನು ಅವರು ಕೇಳಿದರು. ಆಕೆಯ ತಂದೆಯೇ ಅಪರಾಧಿಯನ್ನು ಕೊಂದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆಯಿಂದ ಕಾದಂಬರಿ ಹುಟ್ಟಿತು. ವೃತ್ತಿಯ ಬಿಡುವಿನಲ್ಲಿ ಮೂರು ವರ್ಷ ಬರೆದ ಈ ಮೊದಲ ಕೃತಿಯನ್ನು ಅನೇಕ ಪ್ರಕಾಶಕರು ತಿರಸ್ಕರಿಸಿದರು. ಕೊನೆಗೆ ವಿನ್‌ವುಡ್ ಪ್ರೆಸ್ ಎಂಬ ಸಣ್ಣ ಸಂಸ್ಥೆ ೫,೦೦೦ ಪ್ರತಿಗಳನ್ನು ಮುದ್ರಿಸಿತು. ೧೯೯೧ರಲ್ಲಿ 'ದ ಫರ್ಮ್' ಕಾದಂಬರಿ ಜನಪ್ರಿಯವಾದ ಮೇಲಷ್ಟೇ ಓದುಗರು ಈ ಮೊದಲ ಕೃತಿಯತ್ತ ತಿರುಗಿದರು.

ಕಥೆಯ ನೆಲವಾದ ಮಿಸಿಸಿಪಿಗೆ ತನ್ನದೇ ಕಹಿ ಇತಿಹಾಸವಿದೆ. ೧೯೫೫ರಲ್ಲಿ ಹದಿನಾಲ್ಕು ವರ್ಷದ ಕಪ್ಪು ಬಾಲಕ ಎಮ್ಮೆಟ್ ಟಿಲ್‌ನನ್ನು ಅಲ್ಲಿ ಕೊಲ್ಲಲಾಯಿತು. ಆರೋಪಿಗಳಾದ ಇಬ್ಬರು ಬಿಳಿಯರನ್ನು ಬಿಳಿಯರೇ ತುಂಬಿದ್ದ ಜ್ಯೂರಿಯು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಮರುವರ್ಷ ಅವರು ಪತ್ರಿಕೆಯೊಂದರಲ್ಲಿ ಕೊಲೆಯನ್ನು ಒಪ್ಪಿಕೊಂಡರು. ಚಿತ್ರದ ತಂದೆಗೆ ನ್ಯಾಯಾಲಯದ ಮೇಲೆ ನಂಬಿಕೆ ಇಲ್ಲದಿರುವುದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬಹುದು.

ಕಥಾವಸ್ತು

ಮಿಸಿಸಿಪಿಯ ಕ್ಲಾಂಟನ್ ಎಂಬ ಕಾಲ್ಪನಿಕ ಪಟ್ಟಣ. ಅಂಗಡಿಯಿಂದ ಮನೆಗೆ ನಡೆದು ಬರುತ್ತಿದ್ದ ಹತ್ತು ವರ್ಷದ ಟೋನ್ಯಾ ಹೇಲಿಯನ್ನು ಬಿಲ್ಲಿ ರೇ ಕಾಬ್ ಮತ್ತು ಪೀಟ್ ವಿಲ್ಲರ್ಡ್ ಎಂಬ ಇಬ್ಬರು ಬಿಳಿಯ ಯುವಕರು ಅಪಹರಿಸಿ ಅತ್ಯಾಚಾರವೆಸಗುತ್ತಾರೆ. ನೇಣು ಹಾಕುವ ಯತ್ನ ವಿಫಲವಾದಾಗ ಸೇತುವೆಯಿಂದ ಹಳ್ಳಕ್ಕೆ ಎಸೆಯುತ್ತಾರೆ. ಬಾಲಕಿ ಬದುಕುಳಿಯುತ್ತಾಳೆ. ಕಪ್ಪು ಜನಾಂಗದವನೇ ಆದ ಶೆರಿಫ್ ಓಝೀ ವಾಲ್ಸ್ ಇಬ್ಬರನ್ನೂ ಬಂಧಿಸುತ್ತಾನೆ.

ಟೋನ್ಯಾಳ ತಂದೆ ಕಾರ್ಲ್ ಲೀ ಹೇಲಿ ಒಬ್ಬ ಕಾರ್ಮಿಕ. ಇಂಥದೇ ಹಿಂದಿನ ಪ್ರಕರಣವೊಂದರಲ್ಲಿ ಬಿಳಿಯ ಆರೋಪಿಗಳು ಖುಲಾಸೆಯಾದುದನ್ನು ಬಲ್ಲ ಅವನು ಯುವ ವಕೀಲ ಜೇಕ್ ಬ್ರಿಗೆನ್ಸ್‌ನನ್ನು ಕಂಡು, ಈ ಇಬ್ಬರೂ ಹಾಗೆಯೇ ಪಾರಾಗಬಹುದೇ ಎಂದು ಕೇಳುತ್ತಾನೆ. ಮಾತಿನ ಧಾಟಿಯಿಂದಲೇ ಅವನ ಉದ್ದೇಶವನ್ನು ಊಹಿಸಿದರೂ ಜೇಕ್ ಯಾರನ್ನೂ ಎಚ್ಚರಿಸುವುದಿಲ್ಲ. ಆರೋಪಿಗಳನ್ನು ನ್ಯಾಯಾಲಯಕ್ಕೆ ಕರೆತಂದಾಗ ಕಾರ್ಲ್ ಲೀ ಇಬ್ಬರನ್ನೂ ಗುಂಡಿಕ್ಕಿ ಕೊಲ್ಲುತ್ತಾನೆ. ಬೆಂಗಾವಲಿಗಿದ್ದ ಡೆಪ್ಯುಟಿ ಲೂನಿಗೂ ಗುಂಡು ತಗುಲಿ, ಆತ ಕಾಲನ್ನು ಕಳೆದುಕೊಳ್ಳುತ್ತಾನೆ.

ರಾಜಕೀಯ ಮಹತ್ವಾಕಾಂಕ್ಷೆಯ ಸರ್ಕಾರಿ ಅಭಿಯೋಜಕ ರೂಫಸ್ ಬಕ್ಲಿ ಮರಣದಂಡನೆಯನ್ನು ಕೋರುತ್ತಾನೆ. ವಿಚಾರಣೆಯನ್ನು ಬೇರೆ ಕೌಂಟಿಗೆ ವರ್ಗಾಯಿಸಬೇಕೆಂಬ ಜೇಕ್‌ನ ಮನವಿಯನ್ನು ನ್ಯಾಯಾಧೀಶ ನೂಸ್ ತಳ್ಳಿಹಾಕುತ್ತಾನೆ. ಬಿಳಿಯರಿಂದಲೇ ಕೂಡಿದ ಜ್ಯೂರಿ ರಚನೆಯಾಗುತ್ತದೆ. ಜೇಕ್‌ನ ನೆರವಿಗೆ ಕಾನೂನು ವಿದ್ಯಾರ್ಥಿನಿ ಎಲೆನ್ ರೋರ್ಕ್, ಗೆಳೆಯ ಹ್ಯಾರಿ ರೆಕ್ಸ್, ಸನದು ಕಳೆದುಕೊಂಡ ಹಿರಿಯ ವಕೀಲ ಲೂಸಿಯನ್ ವಿಲ್ಬ್ಯಾಂಕ್ಸ್ ನಿಲ್ಲುತ್ತಾರೆ. ಹತನ ಸಹೋದರ ಫ್ರೆಡ್ಡಿ ಕಾಬ್ ಕು ಕ್ಲಕ್ಸ್ ಕ್ಲಾನ್ ಸಂಘಟನೆಯನ್ನು ಊರಿಗೆ ಕರೆತರುತ್ತಾನೆ. ಜೇಕ್‌ನ ಕಾರ್ಯದರ್ಶಿಯ ವೃದ್ಧ ಪತಿ ಹಲ್ಲೆಗೊಳಗಾಗಿ ಸಾಯುತ್ತಾನೆ, ಜೇಕ್‌ನ ಮನೆ ಬೂದಿಯಾಗುತ್ತದೆ, ಎಲೆನ್ ಅಪಹರಣಕ್ಕೊಳಗಾಗುತ್ತಾಳೆ. ಬೀದಿಯ ಗಲಭೆಯಲ್ಲಿ ಕ್ಲಾನಿನ ನಾಯಕನೂ ಬೆಂಕಿಗೆ ಬಲಿಯಾಗುತ್ತಾನೆ.

ಸಾಕ್ಷಿಯ ಕಟ್ಟೆಯಲ್ಲಿ ಡೆಪ್ಯುಟಿ ಲೂನಿ, ತನಗೂ ಮಗಳಿದ್ದಾಳೆ, ಕಾರ್ಲ್ ಲೀಯನ್ನು ಬಿಟ್ಟುಬಿಡಬೇಕು ಎಂದು ನುಡಿಯುತ್ತಾನೆ. ಆದರೆ ಪಾಟೀಸವಾಲಿನಲ್ಲಿ ಕಾರ್ಲ್ ಲೀ, ಆ ಇಬ್ಬರೂ ಸಾವಿಗೆ ಅರ್ಹರೇ ಆಗಿದ್ದರೆಂದು ಕೂಗಿಬಿಡುತ್ತಾನೆ. ಚಿತ್ತಭ್ರಮೆಯ ವಾದ ಕುಸಿಯುತ್ತದೆ. ಸೆರೆಮನೆಯಲ್ಲಿ ಅವನು ಜೇಕ್‌ಗೆ ಹೇಳುವ ಮಾತು ಕಥೆಯ ತಿರುವು: ಜೇಕ್ ಬಿಳಿಯರಲ್ಲೊಬ್ಬನಾದುದರಿಂದಲೇ ಅವನನ್ನು ಆರಿಸಿಕೊಂಡದ್ದು, ತಮ್ಮಿಬ್ಬರ ಮಕ್ಕಳು ಎಂದೂ ಕೂಡಿ ಆಡಿಲ್ಲ, ಜ್ಯೂರಿಯವರ ಕಣ್ಣಿನಿಂದ ನೋಡಿ ಅವರನ್ನು ಒಪ್ಪಿಸಬೇಕು. ಅಂತಿಮ ವಾದದಲ್ಲಿ ಜೇಕ್, ಕಣ್ಣುಮುಚ್ಚಿ ಕೇಳಬೇಕೆಂದು ಜ್ಯೂರಿಯನ್ನು ಕೋರಿ, ಬಾಲಕಿಯ ಮೇಲಾದ ಹಿಂಸೆಯನ್ನು ನಿಧಾನವಾಗಿ ವಿವರಿಸುತ್ತಾನೆ. ಕೊನೆಗೆ ಆಕೆಯನ್ನು ಬಿಳಿಯ ಬಾಲಕಿಯೆಂದು ಕಲ್ಪಿಸಿಕೊಳ್ಳಲು ಹೇಳುತ್ತಾನೆ. ಕಾರ್ಲ್ ಲೀ ಬಿಡುಗಡೆಯಾಗುತ್ತಾನೆ. ಕಡೆಯ ದೃಶ್ಯದಲ್ಲಿ ಜೇಕ್ ಹೆಂಡತಿ ಮತ್ತು ಮಗಳೊಡನೆ ಹೇಲಿಯ ಮನೆಗೆ ಬರುತ್ತಾನೆ.

ಪಾತ್ರವರ್ಗ

ಮ್ಯಾಥ್ಯೂ ಮೆಕಾನಹೇ – ಜೇಕ್ ಬ್ರಿಗೆನ್ಸ್
ಸ್ಯಾಮ್ಯುಯಲ್ ಎಲ್. ಜಾಕ್ಸನ್ – ಕಾರ್ಲ್ ಲೀ ಹೇಲಿ
ಸಾಂಡ್ರಾ ಬುಲಕ್ – ಎಲೆನ್ ರೋರ್ಕ್
ಕೆವಿನ್ ಸ್ಪೇಸಿ – ರೂಫಸ್ ಬಕ್ಲಿ
ಡೊನಾಲ್ಡ್ ಸದರ್ಲೆಂಡ್ – ಲೂಸಿಯನ್ ವಿಲ್ಬ್ಯಾಂಕ್ಸ್
ಕೀಫರ್ ಸದರ್ಲೆಂಡ್ – ಫ್ರೆಡ್ಡಿ ಕಾಬ್
ಆಲಿವರ್ ಪ್ಲಾಟ್ – ಹ್ಯಾರಿ ರೆಕ್ಸ್ ವಾನರ್
ಚಾರ್ಲ್ಸ್ ಎಸ್. ಡಟನ್ – ಶೆರಿಫ್ ಓಝೀ ವಾಲ್ಸ್
ಕ್ರಿಸ್ ಕೂಪರ್ – ಡೆಪ್ಯುಟಿ ಲೂನಿ
ಪ್ಯಾಟ್ರಿಕ್ ಮೆಗೂಹನ್ – ನ್ಯಾಯಾಧೀಶ ನೂಸ್
ಆ್ಯಶ್ಲಿ ಜಡ್ – ಜೇಕ್‌ನ ಪತ್ನಿ ಕಾರ್ಲಾ

ನಿರ್ಮಾಣ

ಶೂಮಾಕರ್ ಇದಕ್ಕೆ ಮೊದಲು ಗ್ರಿಶಮ್ ಅವರ 'ದ ಕ್ಲೈಂಟ್' ಕಾದಂಬರಿಯನ್ನು ೧೯೯೪ರಲ್ಲಿ ತೆರೆಗೆ ತಂದಿದ್ದರು. ಈ ಚಿತ್ರಕ್ಕೆ ಗ್ರಿಶಮ್ ಸಹನಿರ್ಮಾಪಕರೂ ಆಗಿದ್ದರು. ಮೆಕಾನಹೇ ಅವರನ್ನು ಮೊದಲು ಫ್ರೆಡ್ಡಿ ಕಾಬ್‌ನ ಪಾತ್ರಕ್ಕೆ ಪರಿಗಣಿಸಲಾಗಿತ್ತು. ಅವರೇ ನಾಯಕನ ಪಾತ್ರವನ್ನು ಕೇಳಿ ಪಡೆದರು. ಈ ಚಿತ್ರದಿಂದ ಅವರು ಪ್ರಮುಖ ನಟರ ಸಾಲಿಗೆ ಸೇರಿದರು. ಚಿತ್ರೀಕರಣವು ಮಿಸಿಸಿಪಿಯ ಕ್ಯಾಂಟನ್ ಪಟ್ಟಣದಲ್ಲಿ ನಡೆಯಿತು. ಸಂಗೀತ ಎಲಿಯಟ್ ಗೋಲ್ಡನ್‌ಥಾಲ್ ಅವರದು. ಛಾಯಾಗ್ರಹಣ ಪೀಟರ್ ಮೆಂಜೀಸ್ ಜೂನಿಯರ್ ಅವರದು. ಚಿತ್ರದ ಅವಧಿ ೧೪೯ ನಿಮಿಷಗಳು.

ಕಾದಂಬರಿಗೂ ಚಿತ್ರಕ್ಕೂ ಇರುವ ವ್ಯತ್ಯಾಸ

ಅಂತಿಮ ವಾದವು ಚಿತ್ರದ ಅತ್ಯಂತ ಪ್ರಸಿದ್ಧ ಭಾಗ. ಕಾದಂಬರಿಯಲ್ಲಿ ಬಾಲಕಿಯನ್ನು ಬಿಳಿಯಳೆಂದು ಭಾವಿಸಿ ನೋಡುವಂತೆ ಕೇಳುವವರು ವಕೀಲರಲ್ಲ. ಜ್ಯೂರಿಯ ಸದಸ್ಯೆಯೊಬ್ಬಳು ಮುಚ್ಚಿದ ಕೋಣೆಯ ಚರ್ಚೆಯಲ್ಲಿ ತನ್ನ ಸಂಗಡಿಗರಿಗೆ ಹೇಳುವ ಮಾತು ಅದು. ಅಲ್ಲಿ ಸಾಮಾನ್ಯ ಪ್ರಜೆಯೊಬ್ಬಳ ಆತ್ಮಸಾಕ್ಷಿಯಾಗಿದ್ದುದು ಚಿತ್ರದಲ್ಲಿ ನಾಯಕನ ವಾಕ್ಚಾತುರ್ಯವಾಗಿದೆ.

ಕಾನೂನಿನ ಪ್ರಶ್ನೆಗಳು

ಪ್ರತಿವಾದವು ನಿಂತಿರುವುದು ೧೮೪೩ರಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಮೆಕ್‌ನಾಟನ್ ನಿಯಮದ ಮೇಲೆ. ಕೃತ್ಯದ ವೇಳೆ ತಾನು ಮಾಡುತ್ತಿರುವುದು ಏನು, ಅದು ತಪ್ಪೇ ಎಂಬ ಅರಿವು ಆರೋಪಿಗೆ ಮನೋವಿಕಾರದಿಂದ ಇಲ್ಲದೆ ಹೋಗಿದ್ದರೆ ಮಾತ್ರ ಈ ನಿಯಮದಡಿ ಅವನಿಗೆ ರಕ್ಷಣೆ ದೊರೆಯುತ್ತದೆ. ಮೊದಲೇ ಯೋಜಿಸಿ ಕೊಂದ ಕಾರ್ಲ್ ಲೀಗೆ ಅದು ಹೊಂದುವುದು ಕಷ್ಟ. ಆದ್ದರಿಂದ ಅವನ ಬಿಡುಗಡೆಯನ್ನು, ಕಾನೂನಿನ ಅಕ್ಷರವನ್ನು ಬದಿಗಿಟ್ಟು ಆತ್ಮಸಾಕ್ಷಿಯಂತೆ ತೀರ್ಪು ನೀಡುವ ಜ್ಯೂರಿಯ ಅಧಿಕಾರಕ್ಕೆ ಉದಾಹರಣೆಯಾಗಿ ಕಾಣಬಹುದು. ಇದು ಎರಡು ಅಲಗಿನ ಕತ್ತಿ: ಎಮ್ಮೆಟ್ ಟಿಲ್‌ನ ಹಂತಕರನ್ನು ಬಿಡಿಸಿದ್ದೂ ಜ್ಯೂರಿಯ ಇದೇ ಬಗೆಯ ಸ್ವಾತಂತ್ರ್ಯವೇ.

ಸ್ವಾಗತ ಮತ್ತು ವಿಮರ್ಶೆ

೧೯೯೬ರ ಜುಲೈ ೨೪ರಂದು ಅಮೆರಿಕದಲ್ಲಿ ಬಿಡುಗಡೆಯಾದ ಚಿತ್ರವು ಸುಮಾರು ೪ ಕೋಟಿ ಡಾಲರ್ ವೆಚ್ಚಕ್ಕೆ ಪ್ರತಿಯಾಗಿ ವಿಶ್ವದಾದ್ಯಂತ ಸುಮಾರು ೧೫ ಕೋಟಿ ಡಾಲರ್ ಗಳಿಸಿತು. ಕಾರ್ಲ್ ಲೀ ಪಾತ್ರಕ್ಕಾಗಿ ಜಾಕ್ಸನ್ ಗೋಲ್ಡನ್ ಗ್ಲೋಬ್ ಪ್ರಶಸ್ತಿಯ ಪೋಷಕ ನಟ ವಿಭಾಗದಲ್ಲಿ ನಾಮನಿರ್ದೇಶನ ಪಡೆದರು.

ಅಭಿನಯವನ್ನು ಮೆಚ್ಚಿದವರಲ್ಲಿಯೂ ಕೆಲವರು ಚಿತ್ರದ ನೈತಿಕ ನಿಲುವನ್ನು ಪ್ರಶ್ನಿಸಿದರು. ಸೇಡಿನ ಕೊಲೆಯನ್ನು ಚಿತ್ರವು ಸಮರ್ಥಿಸುತ್ತದೆ ಎಂಬುದು ಒಂದು ಆಕ್ಷೇಪ. ಕಪ್ಪು ಜನರ ನೋವಿನ ಕಥೆಯಲ್ಲಿ ಬಿಳಿಯ ವಕೀಲನೇ ಉದ್ಧಾರಕನಾಗಿ ಕೇಂದ್ರದಲ್ಲಿದ್ದಾನೆ, ಹೇಲಿಯ ಕುಟುಂಬ ಅಂಚಿಗೆ ಸರಿದಿದೆ ಎಂಬುದು ಮತ್ತೊಂದು. ಜಾಕ್ಸನ್ ಕೂಡ, ಮಗಳು ನಿರ್ಭಯಳಾಗಿ ಬದುಕಲೆಂದು ಕಾರ್ಲ್ ಲೀ ಕೊಂದನೆಂಬ ತಮ್ಮ ಗ್ರಹಿಕೆಯನ್ನು ಸ್ಪಷ್ಟಪಡಿಸುವ ದೃಶ್ಯಗಳು ಸಂಕಲನದಲ್ಲಿ ಬಿಟ್ಟುಹೋದವೆಂದು ನಂತರದ ವರ್ಷಗಳಲ್ಲಿ ಬೇಸರ ವ್ಯಕ್ತಪಡಿಸಿದ್ದಾರೆ. ಫ್ರಾನ್ಸಿನಲ್ಲಿ ಚಿತ್ರವು 'ಕೊಲ್ಲುವ ಹಕ್ಕು?' ಎಂಬ ಅರ್ಥದ, ಪ್ರಶ್ನಾರ್ಥಕ ಚಿಹ್ನೆಯುಳ್ಳ ಶೀರ್ಷಿಕೆಯೊಡನೆ ಬಿಡುಗಡೆಯಾಯಿತು.

ನಂತರದ ಕೃತಿಗಳು

ಗ್ರಿಶಮ್ ಜೇಕ್ ಬ್ರಿಗೆನ್ಸ್‌ನ ಪಾತ್ರವನ್ನು 'ಸಿಕಮೋರ್ ರೋ' (೨೦೧೩) ಮತ್ತು 'ಎ ಟೈಮ್ ಫಾರ್ ಮರ್ಸಿ' (೨೦೨೦) ಕಾದಂಬರಿಗಳಲ್ಲಿ ಮುಂದುವರಿಸಿದರು. ಮೂಲ ಕಾದಂಬರಿಯನ್ನು ರೂಪರ್ಟ್ ಹೋಮ್ಸ್ ನಾಟಕಕ್ಕೆ ಅಳವಡಿಸಿದರು; ಅದು ೨೦೧೩ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಪ್ರದರ್ಶನಗೊಂಡಿತು.