ಅಕ್ಷರಬಿಲ್ಲೆಗಳ ಆಟದಲ್ಲಿ ಪದಪ್ರಾಮಾಣ್ಯ: ಒಂದು ಚಾರಿತ್ರಿಕ ವಿವೇಚನೆ

ಆಟಗಳ ಚರಿತ್ರೆಯನ್ನು ಕೇವಲ ವಿನೋದದ ವಿಷಯವೆಂದು ಬದಿಗಿರಿಸುವುದು ವಿದ್ವಾಂಸರಲ್ಲಿ ರೂಢಿಯಾಗಿದೆ. ಆದರೆ ಪದಗಳನ್ನೇ ಕಾಯಿಗಳನ್ನಾಗಿ ಮಾಡಿಕೊಂಡ ಆಟವೊಂದು ದೇಶದೇಶಗಳಲ್ಲಿ ಹರಡಿ, ಕೊನೆಗೆ ಅಂತರಜಾಲವನ್ನೂ ಪ್ರವೇಶಿಸಿದಾಗ, ಅದರ ಚರಿತ್ರೆಯು ಭಾಷಾಧ್ಯಯನಕ್ಕೆ ಹೊರತಾದುದೆಂದು ಹೇಳಲಾಗದು. ಒಂದು ಅಕ್ಷರಸಮೂಹವು ಪದವೆನಿಸಿಕೊಳ್ಳುವುದು ಯಾರ ಮಾತಿನಿಂದ? ಆಡುವವರ ಬಳಕೆಯಿಂದಲೋ, ನಿಘಂಟುಕಾರನ ನಿರ್ಣಯದಿಂದಲೋ, ಆಟದ ಒಡೆಯನ ಅಪ್ಪಣೆಯಿಂದಲೋ? ‘ಸ್ಕ್ರ್ಯಾಬಲ್’ ಎಂಬ ಆಟದ ಚರಿತ್ರೆಯನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಈ ಆಟವನ್ನು ಕಲ್ಪಿಸಿದವರು ಅಮೆರಿಕದ ವಾಸ್ತುಶಿಲ್ಪಿ ಆಲ್‌ಫ್ರೆಡ್ ಮೋಷರ್ ಬಟ್ಸ್ (೧೮೯೯-೧೯೯೩). ೧೯೨೯ರ ಅನಂತರ ತಲೆದೋರಿದ ಆರ್ಥಿಕ ಮುಗ್ಗಟ್ಟಿನಲ್ಲಿ ಉದ್ಯೋಗವನ್ನು ಕಳೆದುಕೊಂಡ ಅವರು ಆಟಗಳ ಸ್ವರೂಪವನ್ನು ಕುರಿತು ಯೋಚಿಸತೊಡಗಿದರು. ೧೯೧೩ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡ ಪದಬಂಧವೂ, ಅದಕ್ಕಿಂತ ಹಳೆಯದಾದ ಅಕ್ಷರಪಲ್ಲಟದ ಆಟವೂ ಅವರ ಮುಂದಿದ್ದುವು. ಇವೆರಡನ್ನೂ ಬೆಸೆಯುವಾಗ ಯಾವ ಅಕ್ಷರಕ್ಕೆ ಎಷ್ಟು ಬಿಲ್ಲೆ, ಎಷ್ಟು ಬೆಲೆ ಎಂಬುದನ್ನು ಅವರು ಊಹೆಗೆ ಬಿಡಲಿಲ್ಲ. ವೃತ್ತಪತ್ರಿಕೆಗಳ ಪುಟಗಳಲ್ಲಿ ಅಕ್ಷರಗಳನ್ನು ಎಣಿಸಿ ನಿಶ್ಚಯಿಸಿದರು. ಇಂಗ್ಲಿಷಿನ ೧೦೦ ಬಿಲ್ಲೆಗಳಲ್ಲಿ ‘ಇ’ ಅಕ್ಷರಕ್ಕೆ ೧೨ ಬಿಲ್ಲೆಗಳೂ, ‘ಕ್ಯೂ’ ಅಕ್ಷರಕ್ಕೆ ೧೦ ಅಂಕಗಳ ಒಂದೇ ಬಿಲ್ಲೆಯೂ ಇರುವುದಕ್ಕೆ ಈ ಎಣಿಕೆಯೇ ಮೂಲ. ‘ಎಸ್’ ಅಕ್ಷರವನ್ನು ಮಾತ್ರ ಅವರು ಬುದ್ಧಿಪೂರ್ವಕವಾಗಿ ೪ಕ್ಕೆ ಮಿತಗೊಳಿಸಿದರು. ಇಲ್ಲವಾದರೆ ಬಹುವಚನದ ಪ್ರತ್ಯಯವೊಂದರಿಂದಲೇ ಆಟವು ಸುಲಭವಾಗುತ್ತಿತ್ತು.

ಆಟಿಕೆಗಳ ತಯಾರಕರು ಈ ಆಟವನ್ನು ತಿರಸ್ಕರಿಸಿದರು. ೧೯೪೮ರಲ್ಲಿ ಜೇಮ್ಸ್ ಬ್ರೂನಟ್ ಎಂಬವರು ಇದರ ಹಕ್ಕನ್ನು ಪಡೆದು, ನಿಯಮಗಳನ್ನು ಸರಳಗೊಳಿಸಿ, ಈಗಿನ ಹೆಸರನ್ನಿಟ್ಟರು. ೧೯೪೯ರಲ್ಲಿ ಅವರು ತಯಾರಿಸಿದ್ದು ೨,೪೦೦ ಪೆಟ್ಟಿಗೆಗಳು. ಆ ವರ್ಷದ ನಷ್ಟ ೪೫೦ ಡಾಲರು. ೧೯೫೨ರಿಂದೀಚೆಗೆ ಬೇಡಿಕೆಯು ಹಠಾತ್ತನೆ ಏರಿ, ಆಟವು ಮನೆಮನೆಯನ್ನೂ ಹೊಕ್ಕಿತು.

ಈ ಮೊದಲ ಘಟ್ಟದಲ್ಲಿ ಪ್ರಾಮಾಣ್ಯವು ಆಡುವವರ ಕೈಯಲ್ಲಿಯೇ ಇದ್ದಿತು. ಯಾವ ನಿಘಂಟನ್ನು ಒಪ್ಪಬೇಕೆಂಬುದನ್ನು ಆಟಕ್ಕೆ ಮುನ್ನ ಅವರೇ ಗೊತ್ತುಮಾಡಿಕೊಳ್ಳುತ್ತಿದ್ದರು. ಸ್ಪರ್ಧೆಗಳು ಬೆಳೆದಂತೆ ಈ ಒಪ್ಪಂದವು ಸಾಲದೆಹೋಯಿತು. ೧೯೭೮ರಲ್ಲಿ ಅಮೆರಿಕದಲ್ಲಿ ಆಟಗಾರರಿಗಾಗಿಯೇ ಅಧಿಕೃತ ನಿಘಂಟು ಪ್ರಕಟವಾಯಿತು. ಬ್ರಿಟನ್ನಿನಲ್ಲಿ ಚೇಂಬರ್ಸ್ ನಿಘಂಟನ್ನು ಆಧರಿಸಿದ ಪಟ್ಟಿಯು ೧೯೮೮ರಲ್ಲಿ ಹೊರಬಂದಿತು. ಇಲ್ಲಿಂದ ಮುಂದೆ ಪದವೆಂದರೆ ಪಟ್ಟಿಯಲ್ಲಿರುವುದು. ಅದರ ಅರ್ಥವು ಗೌಣ. ಚೀನೀ ಚಿಂತನೆಯಲ್ಲಿ ಪ್ರಾಣಶಕ್ತಿಯನ್ನು ಸೂಚಿಸುವ ‘ಚೀ’ ಎಂಬ ಮಾತನ್ನು ಇಂಗ್ಲಿಷಿನಲ್ಲಿ ‘ಕ್ಯೂ’ ಮತ್ತು ‘ಐ’ ಎಂಬ ಎರಡೇ ಅಕ್ಷರಗಳಿಂದ ಬರೆಯುವುದುಂಟು. ಉತ್ತರ ಅಮೆರಿಕದ ಪಟ್ಟಿಗೆ ಇದು ೨೦೦೬ರಲ್ಲಿ ಸೇರಿದೊಡನೆ, ಅದುವರೆಗೆ ಹೊರೆಯಾಗಿದ್ದ ‘ಕ್ಯೂ’ ಬಿಲ್ಲೆಯನ್ನು ವಿಲೇವಾರಿ ಮಾಡುವುದು ಅಲ್ಲಿಯ ಆಟಗಾರರಿಗೆ ಸುಲಭವಾಯಿತು. ಪಟ್ಟಿಯ ಒಂದು ಸಾಲು ಆಟದ ನೀತಿಯನ್ನೇ ಬದಲಿಸಿತು.

ಗೆಲ್ಲುವ ಬಗೆಯನ್ನು ವಿಚಾರಿಸಿದರೂ ಈ ಮಾತು ಸ್ಪಷ್ಟವಾಗುತ್ತದೆ. ಮನೆಯಲ್ಲಿ ೪ ಮಂದಿಯವರೆಗೆ ಆಡಬಹುದಾದರೂ ಸ್ಪರ್ಧೆಯಲ್ಲಿ ಆಡುವವರು ಇಬ್ಬರೇ. ಇದಕ್ಕೆ ಸಕಾರಣವಿದೆ. ಚೀಲವು ಬರಿದಾದ ಮೇಲೆ, ಮಣೆಯ ಮೇಲಿರುವ ಬಿಲ್ಲೆಗಳನ್ನೂ ತನ್ನ ಬಿಲ್ಲೆಗಳನ್ನೂ ೧೦೦ರಿಂದ ಕಳೆದರೆ ಉಳಿಯುವುದೆಲ್ಲವೂ ಎದುರಾಳಿಯ ಬಳಿಯಲ್ಲಿರಲೇಬೇಕು. ಅದೃಷ್ಟದಿಂದ ಆರಂಭವಾದ ಆಟವು ಹೀಗೆ ಚದುರಂಗದಂತೆ ಸಂಪೂರ್ಣ ಜ್ಞಾನದಲ್ಲಿ ಮುಗಿಯುತ್ತದೆ. ಮೂವರು ಆಡಿದಲ್ಲಿ ಈ ಲೆಕ್ಕವು ನಿಲ್ಲದು. ಒಂದೇ ಸರದಿಯಲ್ಲಿ ೭ ಬಿಲ್ಲೆಗಳನ್ನೂ ಇಟ್ಟವನಿಗೆ ೫೦ ಅಂಕಗಳು ಹೆಚ್ಚಾಗಿ ದೊರೆಯುವುದರಿಂದ, ಈ ಸರದಿಯ ಅಂಕಗಳಷ್ಟನ್ನೇ ನೋಡದೆ, ಮುಂದಿನ ಸರದಿಗೆ ಒದಗುವ ಅಕ್ಷರಗಳನ್ನು ಉಳಿಸಿಕೊಳ್ಳುವುದು ಜಾಣತನ. ಎರಡಕ್ಷರದ ಪದಗಳನ್ನು ಬಾಯಿಪಾಠ ಮಾಡಿದವನು, ಮಣೆಯಲ್ಲಿರುವ ಪದದ ಮಗ್ಗುಲಲ್ಲಿಯೇ ಮತ್ತೊಂದನ್ನು ಸಮಾಂತರವಾಗಿ ಇಟ್ಟು ಹಲವು ಪದಗಳ ಅಂಕವನ್ನು ಒಮ್ಮೆಗೇ ಪಡೆಯಬಲ್ಲನು. ಇವೆಲ್ಲವೂ ಗಣಿತ ಮತ್ತು ಸ್ಮರಣೆಗಳ ಕೌಶಲಗಳು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ನೈಜೆಲ್ ರಿಚರ್ಡ್ಸರು ಫ್ರೆಂಚ್ ಭಾಷೆಯಲ್ಲಿ ಮಾತನಾಡಲು ಬಾರದಿದ್ದರೂ ಪದಪಟ್ಟಿಯನ್ನು ಕಂಠಸ್ಥಮಾಡಿ ೨೦೧೫ರಲ್ಲಿ ಆ ಭಾಷೆಯ ವಿಶ್ವಸ್ಪರ್ಧೆಯನ್ನು ಗೆದ್ದರು. ೨೦೨೪ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿಯೂ ಅದನ್ನೇ ಸಾಧಿಸಿದರು. ಅರ್ಥದಿಂದ ಪದವನ್ನು ಬೇರ್ಪಡಿಸುವ ಕ್ರಿಯೆಗೆ ಇದಕ್ಕಿಂತ ಪ್ರಬಲವಾದ ನಿದರ್ಶನವು ಬೇಕಿಲ್ಲ.

ಆಟವು ಅಂತರಜಾಲಕ್ಕೆ ಬಂದುದು ಎರಡನೆಯ ದೊಡ್ಡ ಪರಿವರ್ತನೆ. ಇದರಲ್ಲಿ ಭಾರತದ ಪಾತ್ರವು ಗಮನಾರ್ಹವಾದುದು. ಕಲ್ಕತ್ತೆಯ ರಜತ್ ಮತ್ತು ಜಯಂತ್ ಅಗರ್‌ವಾಲಾ ಸಹೋದರರು ರಚಿಸಿದ ‘ಸ್ಕ್ರ್ಯಾಬುಲಸ್’ ೨೦೦೭ರಲ್ಲಿ ಫೇಸ್‌ಬುಕ್ಕಿನ ಮೂಲಕ ಅಪಾರ ಜನಪ್ರಿಯತೆಯನ್ನು ಪಡೆಯಿತು. ಮೂಲ ಆಟದ ಹಕ್ಕುಗಳು ಆ ವೇಳೆಗೆ ಇಬ್ಭಾಗವಾಗಿದ್ದುವು: ಅಮೆರಿಕ ಮತ್ತು ಕೆನಡಾಗಳಲ್ಲಿ ಹ್ಯಾಸ್‌ಬ್ರೋ ಸಂಸ್ಥೆಗೆ, ಉಳಿದೆಡೆಗಳಲ್ಲಿ ಮ್ಯಾಟೆಲ್ ಸಂಸ್ಥೆಗೆ. ೨೦೦೮ರಲ್ಲಿ ಇವೆರಡೂ ನ್ಯಾಯಾಲಯದ ಮೊರೆಹೊಕ್ಕುವು. ಮ್ಯಾಟೆಲ್ ಹೂಡಿದ ದಾವೆಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೀಡಿದ ಮಧ್ಯಂತರ ಆಜ್ಞೆಯು ಮನನೀಯವಾಗಿದೆ. ಆಟದ ಮಣೆಯ ಮೇಲಿನ ಕೃತಿಸ್ವಾಮ್ಯದ ವಾದವನ್ನು ನ್ಯಾಯಾಲಯವು ಒಪ್ಪಲಿಲ್ಲ. ಹೆಸರಿನ ವಾಣಿಜ್ಯಚಿಹ್ನೆಯ ಹಕ್ಕನ್ನು ಮಾತ್ರ ರಕ್ಷಿಸಿತು. ಸಹೋದರರು ತಮ್ಮ ಆಟಕ್ಕೆ ‘ಲೆಕ್ಸುಲಸ್’ ಎಂಬ ಬೇರೆ ಹೆಸರನ್ನಿಟ್ಟು ಮುಂದುವರಿಸಿದರು. ೨೦೦೯ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿದ ‘ವರ್ಡ್ಸ್ ವಿತ್ ಫ್ರೆಂಡ್ಸ್’ ಎಂಬ ಆಟವೂ ಇದೇ ದಾರಿಯಲ್ಲಿ, ೧೦೪ ಬಿಲ್ಲೆಗಳನ್ನೂ ಬೇರೆ ಬಗೆಯ ಮಣೆಯನ್ನೂ ಬಳಸಿ ಪ್ರಸಿದ್ಧವಾಯಿತು.

ಆದರೆ ನಿಜವಾದ ಬದಲಾವಣೆಯು ಬಿಲ್ಲೆಗಳ ಸಂಖ್ಯೆಯಲ್ಲಿಲ್ಲ. ಉತ್ತರ ಅಮೆರಿಕದ ಸ್ಪರ್ಧೆಗಳ ಪದ್ಧತಿಯಂತೆ, ಸಂಶಯಾಸ್ಪದವಾದ ಪದವನ್ನು ಎದುರಾಳಿಯು ಆಕ್ಷೇಪಿಸಬಹುದು. ಪದವು ತಪ್ಪಾಗಿದ್ದರೆ ಇಟ್ಟವನಿಗೆ, ಸರಿಯಾಗಿದ್ದರೆ ಆಕ್ಷೇಪಿಸಿದವನಿಗೆ ಒಂದು ಸರದಿ ನಷ್ಟ. ಇಲ್ಲದ ಪದವನ್ನು ಧೈರ್ಯದಿಂದ ಇಡುವುದೂ, ಎದುರಾಳಿಯ ಮುಖವನ್ನು ನೋಡಿ ಆ ಧೈರ್ಯವನ್ನು ಅಳೆಯುವುದೂ ಅಲ್ಲಿ ಆಟದ ಅಂಗಗಳು. ಜನಪ್ರಿಯವಾದ ಅಂತರಜಾಲದ ಆಟಗಳಲ್ಲಿಯಾದರೋ ಪಟ್ಟಿಯಲ್ಲಿಲ್ಲದ ಪದವನ್ನು ಯಂತ್ರವೇ ದಂಡವಿಲ್ಲದೆ ಹಿಂದಿರುಗಿಸುತ್ತದೆ. ಅರ್ಥವನ್ನರಿಯದೆ, ಅಕ್ಷರಗಳನ್ನು ಹಿಂದುಮುಂದು ಮಾಡಿ ಪರೀಕ್ಷಿಸುತ್ತ ಹೋದರೂ ಒಮ್ಮೆ ಒಂದು ಪದವು ಸಿಕ್ಕೀತು. ವಾದಕ್ಕೆ ಎಡೆಯಿಲ್ಲ, ಆದುದರಿಂದ ಕಲಿಕೆಗೂ ಎಡೆ ಕಡಮೆ. ೨೦೦೬ರಲ್ಲಿ ಕ್ವ್ಯಾಕಲ್ ಎಂಬ ಗಣಕಕ್ರಮವು ಹಿಂದಿನ ವಿಶ್ವವಿಜೇತ ಡೇವಿಡ್ ಬಾಯ್ಸರನ್ನು ಸೋಲಿಸಿದ್ದಿತು. ಅಂಥ ಸಹಾಯಕನು ಕಾಣದ ಎದುರಾಳಿಯ ಪಕ್ಕದಲ್ಲಿಯೂ ಇರಬಹುದೆಂಬ ಶಂಕೆಯು ಈ ಬಗೆಯ ಆಟವನ್ನು ಬಿಟ್ಟುಹೋಗದು.

ಪಟ್ಟಿಯ ಒಡೆತನದ ಇನ್ನೊಂದು ಮುಖವನ್ನೂ ಇಲ್ಲಿ ನೆನೆಯಬೇಕು. ಅಮೆರಿಕದ ನಿಘಂಟಿನ ೧೯೯೫ರ ಆವೃತ್ತಿಯಿಂದ ನಿಂದಾಪದಗಳನ್ನು ತೆಗೆದುಹಾಕಲಾಯಿತು. ೨೦೨೧ರಲ್ಲಿ ಮ್ಯಾಟೆಲ್ ಸಂಸ್ಥೆಯೂ ತನ್ನ ವ್ಯಾಪ್ತಿಯ ಪಟ್ಟಿಯಿಂದ ಸುಮಾರು ೪೦೦ ಪದಗಳನ್ನು ಕೈಬಿಟ್ಟಿತು. ಉದ್ದೇಶವು ಸಾಧುವಾಗಿರಬಹುದು. ಆದರೆ ಭಾಷೆಯಲ್ಲಿದ್ದು ಆಟದಲ್ಲಿಲ್ಲದ ಪದಗಳು ಇದರಿಂದ ಹುಟ್ಟಿದುವು. ನಿರ್ಣಯವು ಆಟದ ವ್ಯಾಪಾರಿಯ ಪಾಲಿಗೆ ಬಂದಿತು.

ಈ ಪ್ರಶ್ನೆಯು ಕನ್ನಡಕ್ಕೆ ಬಂದಾಗ ಇನ್ನಷ್ಟು ಗಹನವಾಗುತ್ತದೆ. ಬಟ್ಸರು ಎಣಿಸಿದರು, ನಾವು ಎಣಿಸತಕ್ಕುದು ಯಾವುದನ್ನು? ‘ಶಕ್ತಿ’ ಎಂಬಲ್ಲಿ ಪದಬಂಧದ ರೂಢಿಯಂತೆ ಎರಡು ಮನೆಗಳು, ವರ್ಣಗಳಾದರೋ ಐದು. ಗುಣಿತಾಕ್ಷರ, ಒತ್ತಕ್ಷರಗಳೆಲ್ಲಕ್ಕೂ ಬೇರೆಬೇರೆ ಬಿಲ್ಲೆಗಳನ್ನು ಮಾಡಿದರೆ ೧೦೦ ಸಾಲವು. ವರ್ಣಗಳಿಗೆ ಮಾಡಿದರೆ ಓದುವ ಕಣ್ಣಿಗೆ ಕನ್ನಡವೇ ಮರೆಯಾಗುತ್ತದೆ. ಇದಕ್ಕಿಂತ ಮುಖ್ಯವಾದುದು ಪಟ್ಟಿಯ ಪ್ರಶ್ನೆ. ‘ಮನೆಗಳಲ್ಲಿಯೂ’, ‘ಬಂದಿದ್ದವರಿಗಾಗಿ’ ಎಂಬ ರೂಪಗಳನ್ನು ಯಾವ ನಿಘಂಟೂ ಉಲ್ಲೇಖಿಸುವುದಿಲ್ಲ. ಆದರೂ ಅವು ನಿರ್ದುಷ್ಟವಾದ ಪದಗಳು. ಪ್ರತ್ಯಯಗಳಿಂದಲೂ ಸಂಧಿಯಿಂದಲೂ ಬೆಳೆಯುವ ಭಾಷೆಗೆ ಸೀಮಿತವಾದ ಪಟ್ಟಿಯು ಪ್ರಮಾಣವಾಗಲಾರದು, ವ್ಯಾಕರಣವೇ ಪ್ರಮಾಣವಾಗಬೇಕು.

ಮೇಲಿನ ವಿವೇಚನೆಯಿಂದ ಒಂದು ಅಂಶವು ಸ್ಥಿರಪಡುತ್ತದೆ. ಆಡುವವರ ಒಪ್ಪಂದದಿಂದ ಪಟ್ಟಿಗೆ, ಪಟ್ಟಿಯಿಂದ ಯಂತ್ರಕ್ಕೆ ಪದದ ಪ್ರಾಮಾಣ್ಯವು ಸಾಗಿದಂತೆ, ಆಟವು ಹೆಚ್ಚು ನಿಖರವೂ ಹೆಚ್ಚು ಮೂಕವೂ ಆಯಿತು. ಕನ್ನಡದಲ್ಲಿ ಇಂಥ ಆಟವನ್ನು ರೂಪಿಸಲು ಹೊರಡುವವರು ಬಿಲ್ಲೆಗಳ ಲೆಕ್ಕಕ್ಕೆ ಮೊದಲು ಇಬ್ಬರು ಆಟಗಾರರು ಒಂದು ರೂಪದ ಸಾಧುತ್ವವನ್ನು ಕುರಿತು ವಾದಿಸುವ ಅವಕಾಶವನ್ನು ಉಳಿಸಿಕೊಡುವುದು ಯುಕ್ತ. ತರಗತಿಯಲ್ಲಿ ವ್ಯಾಕರಣವನ್ನು ಬೋಧಿಸುವವರಿಗೆ ಅಂಥ ವಾದಕ್ಕಿಂತ ಉತ್ತಮವಾದ ಪೀಠಿಕೆಯು ದೊರೆಯಲಾರದು.