ಸ್ತನ ಕ್ಯಾನ್ಸರ್: ಹಾರ್ಮೋನು ಮತ್ತು ವೃದ್ಧಿಕಾರಕ ಸಂಕೇತಗಳ ಸಂಶೋಧನೆಯ ಇತಿಹಾಸ

ಸ್ತನ ಕ್ಯಾನ್ಸರಿನ ಬಹುತೇಕ ಗೆಡ್ಡೆಗಳು ದೇಹದ್ದೇ ಆದ ರಾಸಾಯನಿಕ ಸಂಕೇತಗಳನ್ನು ಬಳಸಿಕೊಂಡು ಬೆಳೆಯುತ್ತವೆ. ಈ ಸಂಕೇತಗಳಲ್ಲಿ ಎರಡು ಬಗೆ ಮುಖ್ಯ. ಈಸ್ಟ್ರೊಜೆನ್‌ನಂಥ ಹಾರ್ಮೋನುಗಳು ಮುಖ್ಯವಾಗಿ ಅಂಡಾಶಯದಲ್ಲಿ ಹುಟ್ಟಿ ರಕ್ತದ ಮೂಲಕ ಸ್ತನವನ್ನು ತಲುಪುತ್ತವೆ. ವೃದ್ಧಿಕಾರಕಗಳೆಂಬ ಸಣ್ಣ ಪ್ರೋಟೀನುಗಳನ್ನು ಹೆಚ್ಚಾಗಿ ನೆರೆಯ ಜೀವಕೋಶಗಳೇ ಸ್ರವಿಸುತ್ತವೆ. ಇಂದು ರೋಗಿಯ ಕೈಗೆ ಬರುವ ಬಯಾಪ್ಸಿ ವರದಿಯಲ್ಲಿ ಇಆರ್, ಪಿಆರ್, ಹರ್-2 ಎಂಬ ಮೂರು ಪರೀಕ್ಷೆಗಳ ಫಲಿತಾಂಶ ಇರುತ್ತದೆ. ಮೊದಲೆರಡು ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳಿಗೆ ಸಂಬಂಧಿಸಿದವು, ಮೂರನೆಯದು ವೃದ್ಧಿಕಾರಕಕ್ಕೆ. ಒಂದೇ ಹಾಳೆಯಲ್ಲಿ ಕೂತಿರುವ ಈ ಎರಡು ವಿದ್ಯೆಗಳು ಹಲವು ದಶಕ ಒಂದಕ್ಕೊಂದು ಪರಿಚಯವೇ ಇಲ್ಲದೆ ಬೆಳೆದವು. ಚಿಕಿತ್ಸೆ ಮೊದಲು ಸಿಕ್ಕಿ, ಅದು ಏಕೆ ಫಲಿಸುತ್ತದೆಂಬುದು ಎಷ್ಟೋ ಕಾಲದ ಮೇಲೆ ತಿಳಿದದ್ದು ಹಾರ್ಮೋನಿನ ಕಥೆಯ ವಿಶೇಷ.

ಅದು ಶುರುವಾದದ್ದು ಸ್ಕಾಟ್ಲೆಂಡಿನಲ್ಲಿ. ಜಾರ್ಜ್ ಬೀಟ್ಸನ್ ಎಂಬ ಶಸ್ತ್ರವೈದ್ಯ ಎಳೆಯ ವಯಸ್ಸಿನಲ್ಲಿ ಹಾಲೂಡುವ ಕುರಿಗಳ ಕೆಚ್ಚಲನ್ನು ಅಭ್ಯಾಸ ಮಾಡಿದ್ದ. ಅಂಡಾಶಯ ತೆಗೆದ ಹಸು ಹೆಚ್ಚು ಕಾಲ ಹಾಲು ಕೊಡುತ್ತದೆಂಬ ದನಗಾಹಿಗಳ ಅನುಭವವೂ ಅವನಿಗೆ ಗೊತ್ತಿತ್ತು. ಅಂಡಾಶಯಕ್ಕೂ ಸ್ತನಕ್ಕೂ ನರಗಳ ನೇರ ಸಂಪರ್ಕ ಕಾಣದಿದ್ದರೂ ಒಂದರ ಮೇಲೆ ಇನ್ನೊಂದರ ಹಿಡಿತವಿದೆ ಎಂದು ಅವನು ತರ್ಕಿಸಿದ. 1895ರಲ್ಲಿ ಗ್ಲಾಸ್ಗೋದಲ್ಲಿ, ಬೇರೆ ದಾರಿಯೇ ಉಳಿದಿರದ 33 ವರ್ಷದ ರೋಗಿಯೊಬ್ಬಳ ಅಂಡಾಶಯಗಳನ್ನು ತೆಗೆದ. ಎಂಟು ತಿಂಗಳಲ್ಲಿ ಗೆಡ್ಡೆ ಕರಗಿತು. 1896ರಲ್ಲಿ ಈ ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಾಗ ‘ಹಾರ್ಮೋನು’ ಎಂಬ ಪದವೇ ಹುಟ್ಟಿರಲಿಲ್ಲ. ಆದರೆ ಇದೇ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ ಗುಣ ಕಾಣುತ್ತದೆಂದು 1900ರ ಹೊತ್ತಿಗೆ ತಿಳಿಯಿತು. ಆ ಒಬ್ಬರು ಯಾರೆಂದು ಮುಂಚೆಯೇ ಹೇಳುವ ಉಪಾಯ ಮುಂದಿನ ಎಪ್ಪತ್ತು ವರ್ಷ ಯಾರಿಗೂ ಸಿಗಲಿಲ್ಲ. ಗುಣವಾಗದ ಇಬ್ಬರು ಶಸ್ತ್ರಕ್ರಿಯೆಯ ನೋವನ್ನಷ್ಟೇ ಉಂಡರು. 1950ರ ದಶಕದಲ್ಲಿ ಹಾರ್ಮೋನಿನ ಉಳಿದ ಮೂಲಗಳನ್ನೂ ಮುಚ್ಚಲೆಂದು ಅಡ್ರಿನಲ್ ಗ್ರಂಥಿಯನ್ನೂ, ಮೆದುಳಿನ ಬುಡದ ಪಿಟ್ಯುಟರಿಯನ್ನೂ ತೆಗೆಯುವಷ್ಟರ ಮಟ್ಟಿಗೆ ವೈದ್ಯರು ಮುಂದೆ ಹೋದರು.

ತಿರುವು ಕೊಟ್ಟವರು ಶಿಕಾಗೋ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸೆನ್. ಹಾರ್ಮೋನು ಕಿಣ್ವಗಳ ಮೂಲಕ ರೂಪಾಂತರಗೊಂಡು ಕೆಲಸ ಮಾಡುತ್ತದೆಂದು ಆಗ ಬಹಳ ಮಂದಿ ನಂಬಿದ್ದರು. ಜೆನ್ಸೆನ್ ಮತ್ತು ಹರ್ಬರ್ಟ್ ಜೇಕಬ್ಸನ್ ವಿಕಿರಣಶೀಲ ಟ್ರಿಟಿಯಂ ಸೇರಿಸಿದ ಈಸ್ಟ್ರಡಯಾಲ್ ಎಂಬ ಈಸ್ಟ್ರೊಜೆನ್ನನ್ನು ಎಳೆಯ ಇಲಿಗಳಿಗೆ ಕೊಟ್ಟು ಅದರ ಜಾಡು ಹಿಡಿದರು. ಗರ್ಭಕೋಶ ಅದನ್ನು ಹಿಡಿದಿಟ್ಟುಕೊಂಡಿತು, ಸ್ನಾಯು ಬಿಟ್ಟುಬಿಟ್ಟಿತು. ಹಾರ್ಮೋನು ಮಾತ್ರ ಬದಲಾಗದೆ ಉಳಿದಿತ್ತು. ಅಂದರೆ ಅದನ್ನು ಹಿಡಿಯುವ ಗ್ರಾಹಿ ಪ್ರೋಟೀನು, ನಮ್ಮ ವೈದ್ಯರು ರಿಸೆಪ್ಟರ್ ಎನ್ನುವುದು, ಜೀವಕೋಶದೊಳಗೇ ಇದೆ. ಈಸ್ಟ್ರೊಜೆನ್ ಅಂಟಿದ ಗ್ರಾಹಿ ಡಿಎನ್‌ಎ ಮೇಲೆ ಕೂತು, ಕೋಶ ವಿಭಜನೆಯ ಜೀನುಗಳನ್ನು ಎಚ್ಚರಿಸುತ್ತದೆ. ಈ ಗ್ರಾಹಿ ಇಲ್ಲದ ಗೆಡ್ಡೆಗಳು ಹಾರ್ಮೋನು ಚಿಕಿತ್ಸೆಗೆ ಜಗ್ಗುವುದು ತೀರ ಅಪರೂಪವೆಂದು 1970ರ ದಶಕದ ಆರಂಭದಲ್ಲಿ ಜೆನ್ಸೆನ್ ತೋರಿಸಿದರು. ಬೀಟ್ಸನ್‌ನ ಕಾಲದಿಂದ ಕಾಡಿದ್ದ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು. ಸ್ತನ ಕ್ಯಾನ್ಸರಿನ ಇತಿಹಾಸದಲ್ಲಿ ಯಾವುದೇ ಒಂದು ಔಷಧಿಗಿಂತ ಗ್ರಾಹಿಯನ್ನು ಪತ್ತೆಹಚ್ಚುವ ಈ ಪರೀಕ್ಷೆ ದೊಡ್ಡದು. ನಿಷ್ಪ್ರಯೋಜಕ ಶಸ್ತ್ರಕ್ರಿಯೆಯಿಂದ ಅದು ಉಳಿಸಿದ ಹೆಂಗಸರು ಬಹಳ.

ಇದೇ ಹೊತ್ತಿಗೆ ಔಷಧಿಯೂ ಬಂತು, ಅದೂ ಗುರಿ ತಪ್ಪಿದ ಪ್ರಯತ್ನವೊಂದರಿಂದ. ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಆರ್ಥರ್ ವಾಲ್ಪೋಲ್ ತಂಡ ಗರ್ಭನಿರೋಧಕ ಗುಳಿಗೆ ಹುಡುಕುತ್ತಿತ್ತು. ರಸಾಯನಶಾಸ್ತ್ರಜ್ಞೆ ಡೋರಾ ರಿಚರ್ಡ್‌ಸನ್ 1962ರಲ್ಲಿ ತಯಾರಿಸಿದ ಸಂಯುಕ್ತ ಇಲಿಗಳಲ್ಲಿ ಗರ್ಭ ನಿಲ್ಲದಂತೆ ಮಾಡಿತು, ಹೆಂಗಸರಲ್ಲಿ ಅಂಡೋತ್ಪತ್ತಿಯನ್ನು ಪ್ರಚೋದಿಸಿತು! ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯಲ್ಲಿ ಮೇರಿ ಕೋಲ್ ಮತ್ತು ಸಂಗಡಿಗರು ಅದನ್ನು ಮುಂದುವರಿದ ಸ್ತನ ಕ್ಯಾನ್ಸರಿನ 46 ರೋಗಿಗಳಿಗೆ ಕೊಟ್ಟಾಗ 10 ಮಂದಿಯಲ್ಲಿ ಗುಣ ಕಂಡಿತೆಂದು 1971ರಲ್ಲಿ ವರದಿಯಾಯಿತು. ಅದೇ ಟ್ಯಾಮೊಕ್ಸಿಫೆನ್. ಈಸ್ಟ್ರೊಜೆನ್ ಕೂರಬೇಕಾದ ಜಾಗವನ್ನು ಅದು ಆಕ್ರಮಿಸುತ್ತದೆ. ಸ್ತನದಲ್ಲಿ ಈಸ್ಟ್ರೊಜೆನ್ನನ್ನು ತಡೆಯುವ ಇದೇ ಗುಳಿಗೆ ಮೂಳೆಯಲ್ಲಿಯೂ ಗರ್ಭಕೋಶದಲ್ಲಿಯೂ ಈಸ್ಟ್ರೊಜೆನ್‌ನಂತೆ ವರ್ತಿಸುತ್ತದೆ. ಹೀಗಾಗಿ ಮೂಳೆಗೆ ಒಳ್ಳೆಯದಾದರೂ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಅಪಾಯ ಸ್ವಲ್ಪ ಹೆಚ್ಚುತ್ತದೆ. ಈಸ್ಟ್ರೊಜೆನ್ ಗ್ರಾಹಿ ಇರುವ ಗೆಡ್ಡೆಯ ರೋಗಿಗಳು ಇದನ್ನು ಐದು ವರ್ಷ ತೆಗೆದುಕೊಂಡರೆ ರೋಗ ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆಂದು 1998ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವಿಶ್ಲೇಷಣೆ ತೋರಿಸಿತು. ಮುಟ್ಟು ನಿಂತವರಲ್ಲಿ ಈಸ್ಟ್ರೊಜೆನ್ ತಯಾರಿಯನ್ನೇ ತಡೆಯುವ ಅರೋಮಟೇಸ್ ಪ್ರತಿಬಂಧಕಗಳಿಗೆ ಮೇರಿಲ್ಯಾಂಡಿನ ಆ್ಯಂಜೆಲಾ ಬ್ರೋಡಿ ದಾರಿ ತೆರೆದರು.

ಇಷ್ಟನ್ನೂ ಕೋಶದ ಮಟ್ಟದಲ್ಲಿ ಪರಿಶೀಲಿಸಲು ಸಾಧ್ಯವಾಗಿಸಿದ್ದು ಎಂಸಿಎಫ್-7 ಎಂಬ ಕೋಶ ಸಂತತಿ. 1970ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ, ಕ್ರೈಸ್ತ ಸನ್ಯಾಸಿನಿಯೊಬ್ಬರ ಶ್ವಾಸಕೋಶದ ಸುತ್ತ ತುಂಬಿದ್ದ ನೀರಿನಿಂದ ಹರ್ಬರ್ಟ್ ಸೂಲ್ ಅದನ್ನು ಬೆಳೆಸಿದರು. 1986ರಲ್ಲಿ ಈಸ್ಟ್ರೊಜೆನ್ ಗ್ರಾಹಿಯ ಜೀನನ್ನು ಪ್ರತ್ಯೇಕಿಸಿದ್ದು ಈ ಕೋಶಗಳಿಂದಲೇ. ಅದೇ ವರ್ಷ ಇನ್ನೊಂದು ಸಂಗತಿ ಬಯಲಾಯಿತು. ಕೋಶಗಳನ್ನು ಬೆಳೆಸುವ ದ್ರವಕ್ಕೆ ಆಮ್ಲೀಯತೆ ಗುರುತಿಸಲು ಹಾಕುವ ಫಿನಾಲ್ ರೆಡ್ ಎಂಬ ಬಣ್ಣವೇ ಈಸ್ಟ್ರೊಜೆನ್‌ನಂತೆ ಕೋಶಗಳನ್ನು ಪ್ರಚೋದಿಸುತ್ತಿತ್ತು. ಈಸ್ಟ್ರೊಜೆನ್ ಹಾಕಿದರೂ ಹಾಕದಿದ್ದರೂ ಕೋಶಗಳು ಬೆಳೆಯುತ್ತವಲ್ಲ ಎಂದು ಎಷ್ಟೋ ಪ್ರಯೋಗಾಲಯಗಳು ಗೊಂದಲಪಟ್ಟಿದ್ದಕ್ಕೆ ಇದು ಒಂದು ಕಾರಣ.

ವೃದ್ಧಿಕಾರಕಗಳ ಕಥೆ ಕ್ಯಾನ್ಸರಿನಿಂದ ದೂರದಲ್ಲಿ ಆರಂಭವಾಯಿತು. ಇಲಿಯ ಜೊಲ್ಲಿನ ಗ್ರಂಥಿಯ ಸಾರ ಚುಚ್ಚಿದ ಮರಿಗಳು ಬೇಗ ಕಣ್ಣು ಬಿಡುವುದನ್ನು ಗಮನಿಸಿದ ಸ್ಟ್ಯಾನ್ಲಿ ಕೋಹೆನ್, ಅದಕ್ಕೆ ಕಾರಣವಾದ ಪ್ರೋಟೀನನ್ನು 1962ರಲ್ಲಿ ಬೇರ್ಪಡಿಸಿದರು. ಹೊರಚರ್ಮ ವೃದ್ಧಿಕಾರಕ, ಅಂದರೆ ಇಜಿಎಫ್, ಅದು. ಇದರ ಗ್ರಾಹಿ ಕೋಶದ ಹೊರಪೊರೆಯ ಮೇಲಿದ್ದು, ಒಳಗಿನ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತ ಸಂದೇಶವನ್ನು ಕೈಯಿಂದ ಕೈಗೆ ದಾಟಿಸುತ್ತದೆ. ಅದರ ಒಡಹುಟ್ಟು ಗ್ರಾಹಿಯೇ ಹರ್-2. ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯ ಇಲಿಯ ನರಗೆಡ್ಡೆಯಲ್ಲಿ ಇದರ ಜೀನನ್ನು ಮೊದಲು ಗುರುತಿಸಿತ್ತು. ಹರ್-2ಕ್ಕೆ ಅಂಟುವ ಸ್ವಂತ ವೃದ್ಧಿಕಾರಕ ಇಲ್ಲ. ಅದು ಒಡಹುಟ್ಟುಗಳ ಜೊತೆ, ಮುಖ್ಯವಾಗಿ ಹರ್-3ರ ಜೊತೆ, ಜೋಡಿಯಾಗಿ ಕೆಲಸ ಮಾಡುತ್ತದೆ. ಹರ್-2ರ ಸಂಖ್ಯೆ ಮಿತಿಮೀರಿದಾಗ ಹೊರಗಿನ ಸಂಕೇತವಿಲ್ಲದೆಯೂ ಈ ಜೋಡಿಗಳು ಕೋಶವನ್ನು ವಿಭಜನೆಗೆ ನೂಕುತ್ತವೆ.

1987ರಲ್ಲಿ ಲಾಸ್ ಏಂಜಲಿಸ್‌ನ ಡೆನಿಸ್ ಸ್ಲೇಮನ್ ತಂಡ 189 ಸ್ತನ ಗೆಡ್ಡೆಗಳನ್ನು ಪರೀಕ್ಷಿಸಿ, ಸುಮಾರು ಶೇ. 30ರಲ್ಲಿ ಈ ಜೀನಿನ ಪ್ರತಿಗಳು ಹೆಚ್ಚಿವೆಯೆಂದೂ, ಅಂಥ ರೋಗಿಗಳಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆಂದೂ ವರದಿ ಮಾಡಿತು. ಈಗಿನ ಅಂದಾಜು ಶೇ. 15ರಿಂದ 20. ಆ ಗ್ರಾಹಿಗೇ ಅಂಟುವ ಪ್ರತಿಕಾಯ ಟ್ರಾಸ್ಟುಜುಮ್ಯಾಬ್‌ಗೆ 1998ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅತ್ಯಂತ ಭೀತಿ ಹುಟ್ಟಿಸುತ್ತಿದ್ದ ಫಲಿತಾಂಶವೇ ಚಿಕಿತ್ಸೆಗೆ ದಾರಿ ತೋರಿಸುವ ಗುರುತಾಯಿತು. ಆದರೆ ಬೆಲೆ ದುಬಾರಿಯಾಗಿತ್ತು. ಬೆಂಗಳೂರಿನ ಬಯೋಕಾನ್, ಮೈಲಾನ್ ಜೊತೆ ಸೇರಿ ತಯಾರಿಸಿದ ಸಮಾನ ಜೈವಿಕ ಔಷಧಿ 2014ರಲ್ಲಿ ಭಾರತದ ಮಾರುಕಟ್ಟೆಗೆ ಬಂತು. 2017ರ ಡಿಸೆಂಬರಿನಲ್ಲಿ ಅಮೆರಿಕವೂ ಅದಕ್ಕೆ ಒಪ್ಪಿಗೆ ಕೊಟ್ಟಿತು. ಟ್ರಾಸ್ಟುಜುಮ್ಯಾಬ್‌ನ ಸಮಾನ ಔಷಧಿಯೊಂದಕ್ಕೆ ಅಲ್ಲಿ ಸಿಕ್ಕ ಮೊದಲ ಅನುಮತಿ ಅದು.

ಎರಡು ಧಾರೆಗಳು ಕೂಡಿದ್ದು 1990ರ ದಶಕದಲ್ಲಿ. ವೃದ್ಧಿಕಾರಕದ ಸಂಕೇತ ಈಸ್ಟ್ರೊಜೆನ್ ಗ್ರಾಹಿಯ ಮೇಲೆಯೇ ಫಾಸ್ಫೇಟ್ ಕೂರಿಸಿ ಅದನ್ನು ಚುರುಕುಗೊಳಿಸಬಲ್ಲದೆಂದು 1995ರಲ್ಲಿ ಕಂಡುಬಂತು. ಹಾರ್ಮೋನಿನ ದಾರಿ ಮುಚ್ಚಿದರೆ ಕೋಶ ವೃದ್ಧಿಕಾರಕದ ದಾರಿಯಿಂದ ಅದೇ ಜೀನುಗಳನ್ನು ತಲುಪುತ್ತದೆ ಎಂಬುದು ಔಷಧಿಗೆ ರೋಗ ಒಗ್ಗಿಹೋಗುವುದಕ್ಕೆ ಒಂದು ವಿವರಣೆಯಾಯಿತು. ಆರೋಗ್ಯವಂತ ಸ್ತನದಲ್ಲಿ ಈಸ್ಟ್ರೊಜೆನ್ ಗ್ರಾಹಿ ಇರುವ ಕೋಶಗಳು ತಾವು ವಿಭಜನೆಯಾಗುವುದು ವಿರಳ. ಅವು ಆ್ಯಂಫಿರೆಗ್ಯುಲಿನ್‌ನಂಥ ವೃದ್ಧಿಕಾರಕ ಸ್ರವಿಸಿ ಪಕ್ಕದ ಕೋಶಗಳನ್ನು ಬೆಳೆಸುತ್ತವೆ. ಕ್ಯಾನ್ಸರಿನಲ್ಲಿ ಈ ಕಟ್ಟುಪಾಡು ಮುರಿದು, ಗ್ರಾಹಿ ಹೊತ್ತ ಕೋಶವೇ ವಿಭಜಿಸತೊಡಗುತ್ತದೆ. ಅದು ಮುರಿಯುವುದು ಹೇಗೆಂಬುದು ಈ ಕ್ಷೇತ್ರದ ಅತ್ಯಂತ ಮೂಲಭೂತ ಪ್ರಶ್ನೆ.

ಆಮೇಲಿನ ಔಷಧಿಗಳು ಈ ಕೂಡುದಾರಿಯ ಮೇಲೆ ಕಣ್ಣಿಟ್ಟವು. ವಿಭಜನೆಯ ಚಕ್ರವನ್ನು ತಡೆಯುವ ಪಾಲ್ಬೊಸಿಕ್ಲಿಬ್ 2015ರಲ್ಲಿ, ವೃದ್ಧಿಕಾರಕದ ಸಂದೇಶ ಸಾಗಿಸುವ ಪಿಐ3ಕೆ ಕಿಣ್ವವನ್ನು ತಡೆಯುವ ಆಲ್ಪೆಲಿಸಿಬ್ 2019ರಲ್ಲಿ ಹಾರ್ಮೋನು ಚಿಕಿತ್ಸೆಯ ಜೊತೆ ಸೇರಿದವು. ಅರೋಮಟೇಸ್ ಪ್ರತಿಬಂಧಕ ತೆಗೆದುಕೊಂಡವರಲ್ಲಿ ಕೆಲವರ ಗೆಡ್ಡೆ ಈಸ್ಟ್ರೊಜೆನ್ ಗ್ರಾಹಿಯ ಜೀನನ್ನೇ ಬದಲಿಸಿಕೊಂಡು, ಹಾರ್ಮೋನು ಇಲ್ಲದೆಯೂ ಸದಾ ಎಚ್ಚರವಾಗಿರುತ್ತದೆಂದು 2013ರ ಅಧ್ಯಯನಗಳು ಸ್ಪಷ್ಟಪಡಿಸಿದವು. ಈ ಬದಲಾದ ಗ್ರಾಹಿಯನ್ನು ನಾಶಪಡಿಸುವ ಎಲಾಸೆಸ್ಟ್ರಾಂಟ್ ಗುಳಿಗೆಗೆ 2023ರಲ್ಲಿ ಅಮೆರಿಕ ಅನುಮತಿ ನೀಡಿತು. ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯಲು ರೋಗಿಯ ರಕ್ತದಲ್ಲಿ ತೇಲುವ ಗೆಡ್ಡೆಯ ಡಿಎನ್‌ಎ ತುಣುಕುಗಳನ್ನು ಪರೀಕ್ಷಿಸುತ್ತಾರೆ.